ಅಳತೆಪಟ್ಟಿ ಹಿಡಿದ ಯಾತ್ರಿಕರು

ವಿನ್ಯಾಸಕಲೆಯನ್ನು ಕಲಿಯುವ ಮಕ್ಕಳಿರುವ ಮನೆಗಳಿಗೆ ಒಮ್ಮೊಮ್ಮೆ ಕಾಲೇಜಿನಿಂದ ಒಂದು ಕಾಗದ ಬರುವುದುಂಟು. ವಿದೇಶದಲ್ಲಿ ಅಧ್ಯಯನ ಪ್ರವಾಸ; ರೋಮ್, ಫ್ಲಾರೆನ್ಸ್, ಬಾರ್ಸೆಲೋನಾ ಮೊದಲಾದ ನಗರಗಳ ಕಟ್ಟಡಗಳ ದರ್ಶನ; ವೆಚ್ಚ ಇಂತಿಷ್ಟು ಲಕ್ಷ; ಇಂಥ ದಿನದೊಳಗೆ ಹಣ ಕಟ್ಟತಕ್ಕದ್ದು. ದೋಣಿಮಲೈಯಂಥ ಗಣಿಯ ಕಾಲೊನಿಯಲ್ಲಿ, ತಿಂಗಳ ಸಂಬಳದಿಂದಲೇ ಸಂಸಾರ ಸಾಗಬೇಕಾದ ಮನೆಗೆ ಈ ಕಾಗದ ಬಂದರೆ ಆ ರಾತ್ರಿಯ ಊಟ ತಡವಾಗುವುದು ಸಹಜ. "ಕಳಿಸೋಣ ಬಿಡಿ, ಜೊತೆಯವರೆಲ್ಲ ಹೊರಟಿರುವಾಗ ಇವಳೊಬ್ಬಳು ಉಳಿಯಬೇಕೇ?" ಎಂದು ತಾಯಿ ಹೇಳಬಹುದು. "ಕಟ್ಟಡ ನೋಡುವುದಕ್ಕೆ ಕಡಲು ದಾಟಬೇಕೇನೇ? ಬೆಳಗಿನ ಬಸ್ಸು ಹಿಡಿದರೆ ಮಧ್ಯಾಹ್ನದೊಳಗೆ ಹಂಪೆ. ಜಗತ್ತೇ ಬಂದು ನೋಡುವ ಊರು ಕಾಲಬುಡದಲ್ಲಿದೆ" ಎಂದು ತಂದೆ ಹೇಳಬಹುದು. ಈ ಮಾತನ್ನು ಜಿಪುಣತನವೆಂದು ನಕ್ಕು ಬಿಡುವುದು ಸುಲಭ. ಆದರೆ ಅದು ಉತ್ತರಕ್ಕೆ ಅರ್ಹವಾದ ಪ್ರಶ್ನೆ. ಉತ್ತರವಾದರೂ ಹಂಪೆಯಲ್ಲಿಯೇ ದೊರೆಯುತ್ತದೆ.

1980ರ ಸುಮಾರಿಗೆ, ಡಾ. ಎಂ. ಎಸ್. ನಾಗರಾಜರಾವ್ ಅವರ ನೇತೃತ್ವದಲ್ಲಿ ರಾಜ್ಯದ ಪುರಾತತ್ತ್ವ ಇಲಾಖೆ ಹಂಪೆಯಲ್ಲಿ ಉತ್ಖನನ ನಡೆಸುತ್ತಿದ್ದ ಕಾಲದಲ್ಲಿ, ಇಬ್ಬರು ವಿದೇಶೀ ವಿದ್ವಾಂಸರು ಅಲ್ಲಿಗೆ ಬಂದರು. ಒಬ್ಬರು ಮೆಲ್ಬರ್ನಿನಲ್ಲಿ ವಾಸ್ತುಶಿಲ್ಪವನ್ನು ಅಭ್ಯಸಿಸಿದ ಜಾರ್ಜ್ ಮಿಷೆಲ್. ಇನ್ನೊಬ್ಬರು ಅಮೆರಿಕದ ಪುರಾತತ್ತ್ವಜ್ಞ ಜಾನ್ ಫ್ರಿಟ್ಜ್. ಅಂದಿನಿಂದ ಸುಮಾರು ಇಪ್ಪತ್ತು ವರ್ಷಗಳವರೆಗೆ ಚಳಿಗಾಲ ಬಂದಿತೆಂದರೆ ಅವರು ಹಂಪೆಯಲ್ಲಿ ಬೀಡುಬಿಡುತ್ತಿದ್ದರು. ಅವರೊಡನೆ ದೇಶವಿದೇಶಗಳ ವಾಸ್ತುಶಿಲ್ಪ ವಿದ್ಯಾರ್ಥಿಗಳು ಬರುತ್ತಿದ್ದರು. ಬಂದವರ ಕೆಲಸ ಹಾಳು ಮಂಟಪಗಳನ್ನು ಅಳೆಯುವುದು, ಅಳೆದುದನ್ನು ಕಾಗದದ ಮೇಲೆ ಬರೆಯುವುದು.

ಕೇಳುವುದಕ್ಕೆ ಇದು ನೀರಸವಾದ ಕೆಲಸವೇ ಸರಿ. ಒಬ್ಬ ಪಟ್ಟಿಯ ತುದಿ ಹಿಡಿಯಬೇಕು, ಮತ್ತೊಬ್ಬ ಅಂಕಿ ಕೂಗಬೇಕು, ಮಗದೊಬ್ಬಳು ಬರೆದುಕೊಳ್ಳಬೇಕು; ನೆತ್ತಿಯ ಮೇಲೆ ಬಳ್ಳಾರಿ ಸೀಮೆಯ ಬಿಸಿಲು. ಆದರೆ ಒಂದು ಕಂಬದ ಪೀಠವನ್ನು ಅಳೆಯುವವನು ಅದರ ಮುಂದೆ ಅರ್ಧ ಗಳಿಗೆ ನಿಂತು ಸಾಗಲಾರ. ಪೀಠ ಎಲ್ಲಿ ಚೌಕವಾಗಿದೆ, ಎಲ್ಲಿ ಎಂಟು ಮುಖವಾಗುತ್ತದೆ, ಬೋದಿಗೆ ತೊಲೆಯ ಭಾರವನ್ನು ಹೇಗೆ ಹೊರುತ್ತದೆ ಎಂಬುದೆಲ್ಲ ಅವನ ಕೈಗೆ ತಿಳಿಯುತ್ತದೆ. ಕಣ್ಣು ಮರೆತರೂ ಕೈ ಮರೆಯುವುದಿಲ್ಲ. ಹೀಗೆ ಅಳೆದು ಕೂಡಿಸಿದ ಕಟ್ಟಡಗಳ ವಿವರಪಟ್ಟಿ 1990ರಲ್ಲಿ ಪುಸ್ತಕವಾಗಿ ಮೈಸೂರಿನಿಂದ ಹೊರಬಂದಿತು. ಬಿಡಿ ಬಿಡಿ ಅವಶೇಷಗಳೆಂದು ಕಾಣುತ್ತಿದ್ದುದು ಒಂದು ಯೋಜಿತ ನಗರವೆಂಬುದು ನಕ್ಷೆಯಲ್ಲಿ ಸ್ಪಷ್ಟವಾಯಿತು. ಹಜಾರರಾಮ ದೇವಾಲಯವನ್ನೇ ನೋಡಿ. ಸಾಮಾನ್ಯ ಪ್ರವಾಸಿಗೆ ಅದು ರಾಮಾಯಣದ ಕೆತ್ತನೆಗಳಿರುವ ಗುಡಿ, ಅಷ್ಟೆ. ನಕ್ಷೆಯ ಮೇಲಾದರೋ ಅದು ಅರಮನೆಯ ಪ್ರದೇಶದ ಕೇಂದ್ರ. ಹಾದಿಗಳು ಅದರ ಬಳಿ ಬಂದು ಕೂಡುತ್ತವೆ. ಅಲ್ಲಿಂದ ಉತ್ತರಕ್ಕೆ ಗೆರೆ ಎಳೆದರೆ ಅದು ಮತಂಗ ಪರ್ವತದ ಶಿಖರವನ್ನು ಮುಟ್ಟುತ್ತದೆ. ಅರಸನ ಮನೆ, ರಾಮನ ಗುಡಿ, ಮತಂಗನ ಬೆಟ್ಟ ಇವು ಒಂದೇ ಸೂತ್ರಕ್ಕೆ ಕಟ್ಟಿದವು ಎಂಬುದನ್ನು ಮಿಷೆಲ್ ಮತ್ತು ಫ್ರಿಟ್ಜ್ ತೋರಿಸಿಕೊಟ್ಟರು.

ಪರದೇಶದವರಿಗೆ ಇದು ಕಂಡಿತು, ನಮ್ಮವರಿಗೆ ಕಾಣಲಿಲ್ಲವೆಂದು ಖೇದಪಡಬೇಕಾಗಿಲ್ಲ. ಬುದ್ಧಿಗಿಂತ ಅಭ್ಯಾಸಬಲ ಇಲ್ಲಿ ಹೆಚ್ಚಿನದು. ನಮ್ಮವರು ವಿರೂಪಾಕ್ಷನ ಗುಡಿಗೆ ಹೋದರೆ ಚಪ್ಪಲಿ ಬಿಟ್ಟು, ಹೂವು ಕಾಯಿ ಹಿಡಿದು, ನೇರವಾಗಿ ಗರ್ಭಗುಡಿಯ ಕಡೆಗೆ ನಡೆಯುತ್ತಾರೆ. ಹೊಸಬನಿಗೆ ಆ ಹಾದಿ ಗೊತ್ತಿಲ್ಲ. ಆದುದರಿಂದ ಅವನು ಹೊಸಿಲ ಎತ್ತರಕ್ಕೆ ಎಡವುತ್ತಾನೆ, ಬೆಳಕಿನಿಂದ ಕತ್ತಲೆಗೆ ಬಂದುದನ್ನು ಗಮನಿಸುತ್ತಾನೆ. ಒಳಗಿನ ಕತ್ತಲೆಯ ಕೋಣೆಯಲ್ಲಿ ಸಣ್ಣ ಕಿಂಡಿಯ ಮೂಲಕ ಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುವುದನ್ನು ಕಂಡು, ಏಕೆ ಹೀಗೆ ಎಂದು ಕೇಳುತ್ತಾನೆ. ಸುಮಾರು 1520ರಲ್ಲಿ ಬಂದ ಪೋರ್ತುಗೀಸ್ ಯಾತ್ರಿಕ ದೊಮಿಂಗೊ ಪಾಯೆಸ್ ಈ ನಗರವನ್ನು ರೋಮಿನಷ್ಟು ದೊಡ್ಡದೆಂದು ಬರೆದಿಟ್ಟ. ತನ್ನ ಕಡೆಯ ಗಜಕಡ್ಡಿಯನ್ನು ಇಲ್ಲಿಗೆ ತಂದುದರಿಂದಲೇ ಅವನಿಗೆ ಇಲ್ಲಿಯ ಗಾತ್ರ ತಿಳಿಯಿತು.

ಹಾಗಾದರೆ ನಮ್ಮ ಹುಡುಗಿ ತನ್ನ ಗಜಕಡ್ಡಿಯನ್ನು ರೋಮಿಗೆ ಒಯ್ಯುವುದು ನ್ಯಾಯವೇ. ಅಲ್ಲಿ ಅವಳು ಹೊಸಬಳು. ಪ್ಯಾಂಥಿಯನ್ನಿನ ಗುಮ್ಮಟದ ಕೆಳಗೆ ನಿಂತು, ನೆತ್ತಿಯ ಬಯಲು ಕಿಂಡಿಯಿಂದ ಬಿಸಿಲು ಗೋಡೆಯ ಮೇಲೆ ಜರುಗುವುದನ್ನು ಕಂಡಾಗ, ಪುಸ್ತಕದ ಚಿತ್ರ ಹೇಳದಿದ್ದ ಒಂದು ಸಂಗತಿ ಅವಳ ಮೈಗೆ ತಿಳಿಯುತ್ತದೆ: ಸುಮಾರು ನಲವತ್ತಮೂರು ಮೀಟರು ಎಂದರೆ ಎಷ್ಟು ಎತ್ತರ ಎಂಬುದು.

ಹಾಗೆ ಹೋಗಿ ಬಂದವರ ಫಲವನ್ನು ಬೆಂಗಳೂರಿನವರು ತಮ್ಮ ಊರಿನಲ್ಲಿಯೇ ನೋಡಬಹುದು. ಬಾಲಕೃಷ್ಣ ದೋಶಿಯವರು ಮುಂಬಯಿಯಲ್ಲಿ ಓದುತ್ತಿದ್ದವರು ಲಂಡನ್ನಿಗೆ ಹೋಗಿ, ಅಲ್ಲಿಂದ ಪ್ಯಾರಿಸ್ಸಿಗೆ ತೆರಳಿ, 1951ರಿಂದ ಕೆಲವು ವರ್ಷ ಲ ಕಾರ್ಬುಸಿಯೇ ಎಂಬ ಮಹಾಶಿಲ್ಪಿಯ ಕೈಕೆಳಗೆ ದುಡಿದರು. ಆ ಗುರುವಾದರೂ 1911ರಲ್ಲಿ, ಇಪ್ಪತ್ತಮೂರರ ಪ್ರಾಯದಲ್ಲಿ, ಚಿತ್ರಪುಸ್ತಕ ಹಿಡಿದು ಇಸ್ತಾಂಬುಲ್, ಅಥೆನ್ಸ್‌ಗಳನ್ನು ಸುತ್ತಿದವನೇ. ಪ್ಯಾರಿಸ್ಸಿನಿಂದ ಮರಳಿದ ದೋಶಿಯವರು ಬನ್ನೇರುಘಟ್ಟ ರಸ್ತೆಯಲ್ಲಿ ಆಡಳಿತ ವಿದ್ಯೆಯ ಮಹಾಸಂಸ್ಥೆಯನ್ನು ರೂಪಿಸುವಾಗ ಪ್ಯಾರಿಸ್ಸನ್ನು ಇಲ್ಲಿ ನೆಡಲಿಲ್ಲ. ಅವರ ಮನಸ್ಸಿನಲ್ಲಿ ಇದ್ದುದು ಅಕ್ಬರನ ಫತೇಪುರ್ ಸಿಕ್ರಿ. ಗೋಡೆಗೆ ಇಲ್ಲಿಯ ಒರಟು ಕಗ್ಗಲ್ಲು. ಉದ್ದಕ್ಕೂ ಮೊಗಸಾಲೆಗಳು, ಕೆಲವೆಡೆ ಮುಚ್ಚಿ ಕೆಲವೆಡೆ ಆಕಾಶಕ್ಕೆ ತೆರೆದು. ನಡುನಡುವೆ ಅಂಗಳ, ಬಳ್ಳಿ, ನೆರಳು. ಬೆಂಗಳೂರಿನ ಹವೆಯಲ್ಲಿ ಬಾಗಿಲು ಮುಚ್ಚಿ ಕುಳಿತು ಪಾಠ ಕೇಳಬೇಕಾಗಿಲ್ಲ, ನಡೆಯುತ್ತಲೂ ಮಾತನಾಡಬಹುದು ಎಂಬ ಅರಿವು ಆ ಮೊಗಸಾಲೆಗಳಲ್ಲಿದೆ. ದೋಶಿಯವರಿಗೆ 2018ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಪುರಸ್ಕಾರವಾದ ಪ್ರಿಟ್ಜ್‌ಕರ್ ಬಹುಮಾನ ಸಂದಿತು. 2023ರಲ್ಲಿ ಅವರು ತೀರಿಕೊಂಡರು. ಕಾಯಿ ಒಡೆಸುವ ದೊಡ್ಡ ಹಬ್ಬವೊಂದಕ್ಕೆ ಸಲ್ಲುವಷ್ಟು ಪ್ರಚಾರವೂ ಆ ಕಟ್ಟಡಕ್ಕೆ ನಮ್ಮಲ್ಲಿ ಸಿಕ್ಕಿಲ್ಲವೆಂಬುದು ಬೇರೆ ಮಾತು.

ಆದುದರಿಂದ ತಂದೆ ನೋಡಬೇಕಾದುದು ಕಾಗದದಲ್ಲಿರುವ ಮೊತ್ತವನ್ನಲ್ಲ, ದಿನಚರಿಯನ್ನು. ಎಂಟು ದಿನದಲ್ಲಿ ಆರು ನಗರ ಎಂದಿದ್ದರೆ ಅದು ಅಧ್ಯಯನವಲ್ಲ, ದಿಬ್ಬಣ. ಮಗಳು ಫೋನಿನ ತುಂಬ ಗೋಪುರಗಳನ್ನು ತುಂಬಿಕೊಂಡು ಬಂದಾಳು, ಒಂದು ಮೆಟ್ಟಿಲ ಎತ್ತರವನ್ನೂ ಹೇಳಲಾರಳು. ಇಂಥದಕ್ಕೆ ಸಾಲ ಮಾಡುವುದು ಬೇಡ. ಒಂದೇ ಊರಿನಲ್ಲಿ ಹತ್ತು ದಿನ, ಬೆಳಗ್ಗೆ ಅಳತೆ, ಸಂಜೆ ಚಿತ್ರ, ಜೊತೆಗೆ ತಿದ್ದುವ ಗುರು ಎಂದಿದ್ದರೆ ಬಂಗಾರದ ಬಳೆಯೊಂದು ಬ್ಯಾಂಕಿಗೆ ಹೋದರೂ ನಷ್ಟವಿಲ್ಲ. ತೆರಳುವ ಮುನ್ನ ಆಕೆ ತನ್ನ ಕಾಲೊನಿಯ ಮನೆಯ ಜಗಲಿಯನ್ನೊಮ್ಮೆ ಅಳೆಯಲಿ. ಒಂದು ಭಾನುವಾರ ಸಂಡೂರಿನ ಬೆಟ್ಟಕ್ಕೆ ಹೋಗಿ, ಕುಮಾರಸ್ವಾಮಿಯ ಸನ್ನಿಧಿಯ ಪಕ್ಕದಲ್ಲಿರುವ ಪಾರ್ವತಿಯ ಗುಡಿಯ ಚಿತ್ರ ಬರೆಯಲಿ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು ಬಟ್ಟೆಯ ಮೇಲೆ ಕನ್ನಡಿ ಕೂರಿಸುವಾಗ ಮೂಲೆಯನ್ನು ಹೇಗೆ ತಿರುಗಿಸುತ್ತಾರೆಂದು ನೋಡಲಿ; ವಿನ್ಯಾಸ ಕಲಿಯುವವಳಿಗೆ ಅದೂ ಪಾಠವೇ.

ಮರಳಿ ಬಂದ ಮೇಲೆ ಹಂಪೆಗೆ ಮತ್ತೊಮ್ಮೆ ಹೋಗುವುದಾದರೆ, ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ದೊರೆತ ಮೆಟ್ಟಿಲುಗಳ ಪುಷ್ಕರಣಿಯ ಬಳಿ ನಿಲ್ಲಬೇಕು. ಹಂಪೆಯ ಬಂಡೆಯಿಂದ ಬೇರೆಯಾದ ಕಪ್ಪು ಕಲ್ಲು ಅದು. ಬಗ್ಗಿ ನೋಡಿದರೆ ಕಲ್ಲುಗಳ ಮೇಲೆ ಚಿಕ್ಕ ಚಿಕ್ಕ ಅಂಕಿ ಅಕ್ಷರಗಳ ಗುರುತು ಕಾಣುತ್ತದೆ: ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಕಲ್ಲು. ಬೇರೊಂದೆಡೆ ಅಳೆದು ಕಡೆದು, ಗುರುತು ಹಾಕಿ, ಇಲ್ಲಿಗೆ ಸಾಗಿಸಿ ಜೋಡಿಸಿದರೆಂದು ವಿದ್ವಾಂಸರು ಊಹಿಸುತ್ತಾರೆ. ಬಗ್ಗದೆ ನಿಂತವರಿಗೆ ಅವು ಕಾಣುವುದಿಲ್ಲ.