ಶೀಲವೂ ಸಾಮರ್ಥ್ಯವೂ: ಒಂದು ಪ್ರತಿಕ್ರಿಯೆ

ನಾಯಕನಿಗೆ ಬೇಕಾದುದು ಸಾಮರ್ಥ್ಯವೊಂದೇ, ಶೀಲವು ಅವನ ಮನೆಯೊಳಗಣ ವಿಷಯವೆಂದು ಕಳೆದ ಸಂಚಿಕೆಯಲ್ಲಿ ಮಾನ್ಯ ಲೇಖಕರು ಅಪ್ಪಣೆ ಕೊಡಿಸಿದ್ದಾರೆ. ಅದಕ್ಕೆ ಸಾಕ್ಷಿಯಾಗಿ ವಿಶ್ವೇಶ್ವರಯ್ಯನವರ ಯಂತ್ರಶಾಸ್ತ್ರ ಪಾಂಡಿತ್ಯವನ್ನು ಮುಂದಿಟ್ಟಿರುವುದಂತೂ ಸೋಜಿಗ. 1912ರಲ್ಲಿ ಮೈಸೂರು ಸಂಸ್ಥಾನದ ದಿವಾನಗಿರಿಗೇರಿದ ಆ ಮಹನೀಯರು, ತಮ್ಮ ಮನಸ್ಸೊಪ್ಪದ ರಾಜನೀತಿಯೊಡನೆ ಹೊಂದಿಕೊಂಡು ಪದವಿಯನ್ನು ಉಳಿಸಿಕೊಳ್ಳಲಾರದೆ, 1918ರಲ್ಲಿ ತಾವಾಗಿಯೇ ಇಳಿದರು. ಆದರೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸಂಕಟಕ್ಕೆ ಸಿಲುಕಿದಾಗ ಸಂಸ್ಥಾನವು ಕರೆದುದು ಅವರನ್ನೇ. ಅಲ್ಲಿ ದುಡಿದುದಕ್ಕೆ ಸಲ್ಲಬೇಕಾದ ಹಣವನ್ನು ಬೆಂಗಳೂರಿನಲ್ಲೊಂದು ವೃತ್ತಿಶಿಕ್ಷಣ ಶಾಲೆಗೆ ವಿನಿಯೋಗಿಸಿ, ಅದಕ್ಕೆ ತಮ್ಮ ಹೆಸರನ್ನಿಡಗೊಡದೆ ಮಹಾರಾಜ ಜಯಚಾಮರಾಜೇಂದ್ರರ ಹೆಸರನ್ನಿಡಿಸಿದರು. ಇಂಜಿನಿಯರುಗಳು ಸಂಸ್ಥಾನದಲ್ಲಿ ಬೇರೆಯವರೂ ಇದ್ದರು. ಬೊಕ್ಕಸವನ್ನು ಕಣ್ಣುಮುಚ್ಚಿ ಒಪ್ಪಿಸಬಹುದಾದವರು ಎಷ್ಟು ಮಂದಿಯಿದ್ದರೆಂಬುದನ್ನು ಲೇಖಕರೇ ಎಣಿಸಿ ಹೇಳಲಿ.