ಮೂರು ಯಂತ್ರ, ಒಂದೇ ಅಂಚೆಪೆಟ್ಟಿಗೆ

ಮಲೆನಾಡಿನ ಸಂಸಾರಗಳು ಒಂದೇ ಸೂರಿನಡಿ ನೆಲೆಸಿರುವುದು ಈಚೆಗೆ ಅಪರೂಪವಾಗುತ್ತಿದೆ. ಹೊಸನಗರದ ಸೀಮೆಯ ಹಳ್ಳಿಯೊಂದರಲ್ಲಿ ಮನೆ ಹಾಗೂ ಅಡಿಕೆಯ ತೋಟ. ಸಾಗರದ ಪೇಟೆಯಲ್ಲಿ ತಮ್ಮನ ಅಂಗಡಿ. ತೀರ್ಥಹಳ್ಳಿಯಲ್ಲಿ ಮಗಳ ಮನೆ. ಹೀಗೆ ಮೂರೂರಿಗೂ ಓಡಾಡಿಕೊಂಡಿರುವ ನಿವೃತ್ತ ಉಪಾಧ್ಯಾಯರೊಬ್ಬರನ್ನು ವಾಚಕರು ಊಹಿಸಿಕೊಳ್ಳಬೇಕು. ಅವರ ಜೇಬಿನಲ್ಲಿ ಮೊಬೈಲ್ ಫೋನು. ಅಂಗಡಿಯ ಮೇಜಿನ ಮೇಲೆ ಕಂಪ್ಯೂಟರು. ಮಗಳ ಮನೆಯಲ್ಲಿ ಮೊಮ್ಮಕ್ಕಳ ಪಾಠಕ್ಕೆಂದು ಕೊಂಡ ಟ್ಯಾಬ್ಲೆಟ್ಟು. ಪಿಂಚಣಿಯ ಕಾಗದ, ಬ್ಯಾಂಕಿನ ಲೆಕ್ಕ, ಪರದೇಶದಲ್ಲಿರುವ ಮಗನ ಪತ್ರ, ಇವೆಲ್ಲವೂ ತಾವು ಎಲ್ಲಿದ್ದರೆ ಅಲ್ಲಿ ಕಾಣಿಸಬೇಕೆಂಬುದು ಅವರ ಬಯಕೆ. ನ್ಯಾಯವಾದ ಬಯಕೆಯೇ.

ಆದರೆ ನಡೆಯುವುದೇನು? ಹೊಸ ಆಂಡ್ರಾಯ್ಡ್ ಫೋನು ಮೊದಲ ಸಲ ಹೊತ್ತಿಕೊಂಡೊಡನೆಯೇ ಗೂಗಲ್ ಖಾತೆಯನ್ನು ಕೇಳುತ್ತದೆ. ಹಳೆಯ ಖಾತೆಯ ಪಾಸ್‌ವರ್ಡು ಮೇಷ್ಟರಿಗೆ ನೆನಪಿಲ್ಲ. ಅಂಗಡಿಯ ಹುಡುಗ, ಒಳ್ಳೆಯ ಮನಸ್ಸಿನಿಂದಲೇ, ಎರಡು ನಿಮಿಷಗಳಲ್ಲಿ ಹೊಸ ಖಾತೆಯೊಂದನ್ನು ತೆರೆದು ಕೊಡುತ್ತಾನೆ. ಅದರ ಪಾಸ್‌ವರ್ಡನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಕೆಲವು ವರ್ಷಗಳ ಮೇಲೆ ಮತ್ತೊಂದು ಫೋನು, ಮತ್ತೊಂದು ಖಾತೆ. ಕಡೆಗೆ ಒಬ್ಬ ಮನುಷ್ಯನಿಗೆ ಮೂರು ವಿಳಾಸ! ಬ್ಯಾಂಕಿಗೆ ಕೊಟ್ಟದ್ದೊಂದು, ಪಿಂಚಣಿ ಕಚೇರಿಗೆ ಕೊಟ್ಟದ್ದೊಂದು, ಮಗನಿಗೆ ತಿಳಿದಿರುವುದು ಮತ್ತೊಂದು.

ಪತ್ರಗಳು ಫೋನಿನೊಳಗೆ ವಾಸವಾಗಿವೆಯೆಂಬ ಭ್ರಮೆಯೇ ಈ ಅವಾಂತರಕ್ಕೆ ಮೂಲ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರರು ಆರ್ಪಾನೆಟ್ ಜಾಲದ ಮೇಲೆ ಒಂದು ಯಂತ್ರದಿಂದ ಮತ್ತೊಂದಕ್ಕೆ ಮಿಂಚಂಚೆಯನ್ನು ಕಳುಹಿಸಿ, ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ‘ಅಟ್’ ಚಿಹ್ನೆಯನ್ನು ನಿಲ್ಲಿಸಿದರು. ಇಂದು ನಮಗೆ ಬರುವ ಪತ್ರ ಮೊದಲು ಬಂದು ಸೇರುವುದು ಸರ್ವರ್ ಎಂದು ಕರೆಯುವ, ಎಲ್ಲಿಯೋ ದೂರದಲ್ಲಿರುವ ದೊಡ್ಡ ಯಂತ್ರವನ್ನು. ಅದನ್ನು ನಾವು ಓದುವ ಬಗೆ ಎರಡು. ‘ಪಾಪ್’ ಎಂಬ ಹಳೆಯ ಪದ್ಧತಿಯಲ್ಲಿ ಪತ್ರವನ್ನು ಸರ್ವರಿನಿಂದ ನಮ್ಮ ಯಂತ್ರಕ್ಕೆ ಇಳಿಸಿಕೊಳ್ಳುತ್ತೇವೆ. ಅಲ್ಲೊಂದು ಪ್ರತಿಯನ್ನು ಉಳಿಸೆಂದು ಹೇಳದಿದ್ದರೆ ಮೂಲವು ಅಳಿದುಹೋಗುವುದೂ ಉಂಟು. ಎರಡನೆಯದು ‘ಐಮ್ಯಾಪ್’. 1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಅವರು ರೂಪಿಸಿದ ಈ ಪದ್ಧತಿಯಲ್ಲಿ ಪತ್ರವು ಸರ್ವರಿನಲ್ಲಿಯೇ ಉಳಿಯುತ್ತದೆ. ನಮ್ಮ ಯಂತ್ರಗಳು ಅದನ್ನು ಇಣುಕಿ ನೋಡುವ ಕಿಟಕಿಗಳು ಮಾತ್ರ.

ಶರಾವತಿಯ ಸೀಮೆಯವರಿಗೆ ಈ ಭೇದವನ್ನು ತಿಳಿಸುವುದು ಸುಲಭ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಹೊಳೆ, ಹೊಸನಗರದ ಸೀಮೆಯನ್ನು ಹಾಯ್ದು, 1964ರಲ್ಲಿ ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿಗೆ ಬಂದು ನಿಲ್ಲುತ್ತದೆ. ಹಿನ್ನೀರು ಹೊಸನಗರದ ಕಡೆಗೂ ಹರಡಿದೆ, ಸಾಗರದ ಕಡೆಗೂ ಹರಡಿದೆ; ನೀರು ಮಾತ್ರ ಒಂದೇ. ಒಂದು ದಡದಲ್ಲಿ ಮಟ್ಟ ಇಳಿದರೆ ಇನ್ನೊಂದು ದಡದಲ್ಲಿಯೂ ಇಳಿಯುತ್ತದೆ. (ಆ ನೀರಿನಡಿ ಮುಳುಗಿದ ಊರುಗಳ ವಿಳಾಸಕ್ಕೆ ಈಗ ಪತ್ರ ಬರೆಯುವವರೇ ಇಲ್ಲ, ಅದು ಬೇರೆಯ ಕಥೆ.) ಐಮ್ಯಾಪ್ ಎಂದರೆ ಈ ಜಲಾಶಯ. ಪಾಪ್ ಎಂದರೆ ಕೊಡದಲ್ಲಿ ತುಂಬಿ ಮನೆಗೆ ಹೊತ್ತು ತಂದ ನೀರು. ಕೊಡ ಒಡೆದರೆ ಹೋಯಿತು. ಆದುದರಿಂದ ಒಂದಕ್ಕಿಂತ ಹೆಚ್ಚು ಯಂತ್ರವುಳ್ಳವರು ಐಮ್ಯಾಪ್ ಪದ್ಧತಿಯನ್ನೇ ಆರಿಸಿಕೊಳ್ಳತಕ್ಕದ್ದು.

ಇದರಿಂದ ಹುಟ್ಟುವ ಎಚ್ಚರಿಕೆಯೊಂದುಂಟು. “ಫೋನು ತುಂಬಿತು, ಅದರಲ್ಲಿರುವುದನ್ನು ಅಳಿಸೋಣ, ಅಂಗಡಿಯ ಕಂಪ್ಯೂಟರಿನಲ್ಲಿ ಹೇಗೂ ಇದೆಯಲ್ಲ” ಎಂದು ಅಳಿಸಿದರೆ ಎಲ್ಲ ಕಡೆಯಲ್ಲಿಯೂ ಅಳಿಯುತ್ತದೆ. ಜೀಮೇಲ್‌ನಲ್ಲಿ ಅಳಿಸಿದ ಪತ್ರ 30 ದಿನ ಕಸದ ಬುಟ್ಟಿಯಲ್ಲಿರುತ್ತದೆ. ಅಷ್ಟರೊಳಗೆ ಎತ್ತಿಕೊಂಡರೆ ಉಂಟು.

ಇನ್ನು ಖಾತೆಯನ್ನು ಯಂತ್ರಗಳಿಗೆ ಹೂಡುವ ಕ್ರಮ. ಅದು ದೊಡ್ಡ ವಿದ್ಯೆಯೇನೂ ಅಲ್ಲ. ಇರುವ ಖಾತೆಗಳಲ್ಲಿ ಒಂದನ್ನು ಪಟ್ಟದ ಖಾತೆಯೆಂದು ನಿಶ್ಚಯಿಸಿ, ಬ್ಯಾಂಕು ಮೊದಲಾದೆಡೆಗಳಲ್ಲೆಲ್ಲ ಅದೇ ವಿಳಾಸವನ್ನು ಬರೆಸಬೇಕು. ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು, ಖಾತೆಗಳ ಭಾಗಕ್ಕೆ ಹೋಗಿ, ಖಾತೆ ಸೇರಿಸುವ ಸಾಲನ್ನು ಒತ್ತಿ, ಇರುವ ವಿಳಾಸವನ್ನೇ ಕೊಡಬೇಕು. ಹೊಸ ಖಾತೆ ಸೃಷ್ಟಿಸುವ ಸಾಲಿನ ಕಡೆ ಕಣ್ಣೆತ್ತಿಯೂ ನೋಡಬಾರದು. ಅಂಗಡಿಯ ಕಂಪ್ಯೂಟರಿನಲ್ಲಿ ಬ್ರೌಸರೇ ಸಾಕು, ಆದರೆ ಅದು ಹತ್ತು ಮಂದಿ ಮುಟ್ಟುವ ಯಂತ್ರವಾದುದರಿಂದ “ಪಾಸ್‌ವರ್ಡನ್ನು ನೆನಪಿಡಲೆ?” ಎಂದು ಅದು ಕೇಳಿದಾಗ ಬೇಡವೆಂದು ಹೇಳಿ, ಕೆಲಸ ಮುಗಿದ ಮೇಲೆ ಸೈನ್ ಔಟ್ ಆಗಬೇಕು. ಮೊಮ್ಮಕ್ಕಳ ಟ್ಯಾಬ್ಲೆಟ್ಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣವಾದುದು. ಬೇರೆ ಬಳಕೆದಾರರ ವಿಭಾಗ ಮಾಡಲು ಬರುವುದಾದರೆ ಅಜ್ಜನ ಅಂಚೆ ಅಲ್ಲಿರಲಿ. ಇಲ್ಲವಾದರೆ ಆ ಯಂತ್ರಕ್ಕೆ ಅಂಚೆಯೇ ಬೇಡ.

ತೊಡಕು ಇರುವುದು ಇವುಗಳಲ್ಲಿ ಅಲ್ಲ. ಹೊಸ ಯಂತ್ರದಲ್ಲಿ ಪಾಸ್‌ವರ್ಡು ಕೊಟ್ಟ ಮೇಲೆ ಖಾತೆಯು “ನೀವೇ ಹೌದೆ?” ಎಂದು ಎರಡನೆಯ ಸಲ ಕೇಳಿ, ಫೋನಿಗೆ ಅಂಕಿಗಳ ಸಂಕೇತವೊಂದನ್ನು ಎಸ್ಸೆಮ್ಮೆಸ್ ಮೂಲಕ ಕಳುಹಿಸುವುದುಂಟು. ಬೆಂಗಳೂರಿನಲ್ಲಿ ಕುಳಿತವರಿಗೆ ಇದು ಅರೆ ನಿಮಿಷದ ಮಾತು. ಹೊಸನಗರದ ಕಣಿವೆಯ ಮನೆಯಲ್ಲಿ? ಟವರಿನ ಸಂಕೇತ ಅಂಗಳಕ್ಕೆ ಬಾರದ ಮನೆಗಳು ಅಲ್ಲಿ ಇಂದಿಗೂ ಉಂಟು. 2020 ಮತ್ತು 2021ರಲ್ಲಿ, ಕೋವಿಡ್ ಕಾಲದಲ್ಲಿ, ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದುದನ್ನು ನಾಡೆಲ್ಲ ಕಂಡಿದೆ. ಮನೆಯಲ್ಲಿ ತಂತಿಯ ಮೂಲಕ ಬಂದ ಇಂಟರ್‌ನೆಟ್ ಇದ್ದರೂ ಎಸ್ಸೆಮ್ಮೆಸ್ ಬಾರದಿರಬಹುದು. ಗುಡ್ಡ ಹತ್ತಿ ಸಂಕೇತ ಹಿಡಿದು ಕೆಳಗಿಳಿಯುವಷ್ಟರಲ್ಲಿ ಅದರ ಅವಧಿ ತೀರಿರಬಹುದು. ಎಪ್ಪತ್ತು ದಾಟಿದವರು ಮಳೆಗಾಲದಲ್ಲಿ ಗುಡ್ಡ ಹತ್ತುವುದೆಂದರೇನು!

ಇದಕ್ಕೆ ಪರಿಹಾರವಿದೆ, ಕಾಸಿನ ಖರ್ಚೂ ಇಲ್ಲ. ಎರಡು ಹೆಜ್ಜೆಯ ಪರಿಶೀಲನೆಯನ್ನು ಹೂಡಿಕೊಂಡವರಿಗೆ ಗೂಗಲ್ ಖಾತೆಯು ತಲಾ 8 ಅಂಕಿಗಳ 10 ಬದಲಿ ಸಂಕೇತಗಳನ್ನು ಕೊಡುತ್ತದೆ. ಒಂದೊಂದು ಸಂಕೇತವೂ ಒಂದೇ ಸಲಕ್ಕೆ. ಹೊಸ ಕಂತೆಯನ್ನು ಪಡೆದರೆ ಹಳೆಯ ಕಂತೆ ರದ್ದು. ಅವನ್ನು ಕಾಗದದ ಮೇಲೆ ಅಚ್ಚು ಮಾಡಿಸಿಯೋ ಕೈಯಲ್ಲಿ ಬರೆದೋ ಪಹಣಿಯ ಕಾಗದಗಳೊಡನೆ ಪೆಟ್ಟಿಗೆಯಲ್ಲಿಡಬೇಕು. ಟವರು ಬೇಡ, ಗುಡ್ಡ ಬೇಡ. ಅಥೆಂಟಿಕೇಟರ್ ಎಂಬ ಆಪ್ ಕೂಡ ಉಂಟು. ಒಮ್ಮೆ ಹೂಡಿದ ಮೇಲೆ ಟವರಿನ ಸಹಾಯವಿಲ್ಲದೆಯೇ ಅದು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಸಂಕೇತವನ್ನು ತೋರಿಸುತ್ತದೆ. ಫೋನಿನ ಗಡಿಯಾರ ಸರಿಯಾಗಿದ್ದರೆ ಸಾಕು. ಆದರೆ ಫೋನೇ ಕಳೆದಾಗ ಅದೂ ಕಳೆದುಹೋಗುವ ಸಂಭವವುಂಟು. ಆಗ ಕೈಹಿಡಿಯುವುದು ಕಾಗದವೇ. ಯಾರೇ ದೂರವಾಣಿಯಲ್ಲಿ ಈ ಸಂಕೇತಗಳನ್ನು ಕೇಳಿದರೂ, ಬ್ಯಾಂಕಿನವರೆಂದು ಹೇಳಿಕೊಂಡರೂ, ಕೊಡಕೂಡದು.

ಇದಕ್ಕಿಂತಲೂ ಗಂಭೀರವಾದ ಪ್ರಶ್ನೆ: ಖಾತೆಯಲ್ಲಿ ಬರೆಸಿರುವ ಫೋನ್ ಸಂಖ್ಯೆ ಯಾರದು? ಅನೇಕ ಮನೆಗಳಲ್ಲಿ ಅದು ಅಳಿಯನದೋ, ಅಂಗಡಿಯವನದೋ, ಎಂದೋ ಬಿಟ್ಟ ಹಳೆಯ ಸಿಮ್ಮಿನದೋ ಆಗಿರುತ್ತದೆ. ಟವರು ಸಿಗುವುದಿಲ್ಲವೆಂದು ಒಂದು ಕಂಪನಿಯಿಂದ ಮತ್ತೊಂದಕ್ಕೆ ಜಿಗಿಯುವುದು ಈ ಮೂರು ತಾಲ್ಲೂಕುಗಳವರಿಗೆ ಅನಿವಾರ್ಯವೇ ಆಗಿದೆ. ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಾಯಿಸುವ ಸೌಲಭ್ಯ 2011ರಿಂದಲೂ ದೇಶಾದ್ಯಂತ ಇದೆ. ಆದರೂ ಹೊಸ ಸಿಮ್ ಕೊಂಡು ಹಳೆಯದನ್ನು ಡಬ್ಬಿಗೆ ಹಾಕುವವರೇ ಬಹಳ. ಸತತ 90 ದಿನ ಬಳಸದೆ, 20 ರೂಪಾಯಿಯಷ್ಟು ಹಣವನ್ನೂ ಉಳಿಸದೆ ಬಿಟ್ಟ ಪ್ರೀಪೇಯ್ಡ್ ಸಂಖ್ಯೆಯನ್ನು ಕಂಪನಿ ನಿಲ್ಲಿಸಬಹುದು. ಹಾಗೆ ನಿಂತ ಸಂಖ್ಯೆ ಮತ್ತೆ ಕನಿಷ್ಠ 90 ದಿನ ಕಳೆದ ಮೇಲೆ ಅಪರಿಚಿತರೊಬ್ಬರ ಪಾಲಾಗಬಹುದು. ಆ ದಿನದಿಂದ ನಮ್ಮ ಮನೆಯ ಬೀಗದ ಕೈ ಅವರ ಜೇಬಿಗೆ ಬೀಳುತ್ತದೆ, ಪಾಪ, ಅವರಿಗೇ ತಿಳಿಯದಂತೆ! ಆದುದರಿಂದ ಮೊದಲು ಖಾತೆಯಲ್ಲಿ ಹೊಸ ಸಂಖ್ಯೆ ಬರೆಸಿ, ಅದಕ್ಕೆ ಸಂಕೇತ ಬರುವುದನ್ನು ಕಣ್ಣಾರೆ ಕಂಡು, ಆಮೇಲೆ ಹಳೆಯ ಸಿಮ್ಮನ್ನು ಬಿಡಬೇಕು. ಜೊತೆಗೆ ಮಗನದೋ ಮಗಳದೋ ಮಿಂಚಂಚೆಯ ವಿಳಾಸವನ್ನು ಖಾತೆ ಮರಳಿ ಪಡೆಯುವುದಕ್ಕೆಂದು ಕೊಟ್ಟಿರಬೇಕು.

ಮರೆತುಬಿಟ್ಟ ಆ ಇತರ ಎರಡು ಖಾತೆಗಳ ಗತಿ? ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವುದಾಗಿ ಗೂಗಲ್ 2023ರ ಮೇ ತಿಂಗಳಲ್ಲಿ ಸಾರಿ, ಆ ವರ್ಷದ ಡಿಸೆಂಬರಿನಿಂದ ಜಾರಿಗೆ ತಂದಿದೆ. ಹಳೆಯ ಖಾತೆಯಲ್ಲಿ ಮೊಮ್ಮಗುವಿನ ನಾಮಕರಣದ ಚಿತ್ರಗಳಿದ್ದರೆ ಈಗಲೇ ಇಳಿಸಿಕೊಳ್ಳುವುದು ಲೇಸು. ಪಟ್ಟದ ಖಾತೆಗೆ ತುಂಬುವಾಗ ಮಾತ್ರ ಜೀಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಉಚಿತವಾಗಿ ದೊರೆಯುವ ಜಾಗ 15 ಜೀಬಿ ಎಂಬುದು ನೆನಪಿರಲಿ. ಅದು ತುಂಬಿದರೆ ಹೊಸ ಪತ್ರ ಒಳಗೆ ಬರಲಾರದು.

ವಯಸ್ಸಾದವರು ಕೇಳಲು ಸಂಕೋಚಪಡುವ, ಮಕ್ಕಳು ಹೇಳಲು ಹೆದರುವ ಮಾತೊಂದಿದೆ. ನಾವು ಇಲ್ಲದಾದ ಮೇಲೆ ಈ ಪೆಟ್ಟಿಗೆಯನ್ನು ತೆರೆಯುವವರು ಯಾರು? ಗೂಗಲ್ ಖಾತೆಯಲ್ಲಿ ಇದಕ್ಕೂ ಏರ್ಪಾಡಿದೆ. 3 ತಿಂಗಳಿನಿಂದ 18 ತಿಂಗಳವರೆಗೆ ನಾವು ಗೊತ್ತುಮಾಡಿದ ಕಾಲ ಖಾತೆ ಸುಮ್ಮನಿದ್ದರೆ, ನಾವೇ ಹೆಸರಿಸಿದ 10 ಮಂದಿಯವರೆಗೆ ಸುದ್ದಿ ಮುಟ್ಟುತ್ತದೆ. ಯಾರಿಗೆ ಯಾವುದನ್ನು ತೋರಿಸಬೇಕೆಂಬುದನ್ನೂ ನಾವೇ ಬರೆದಿಡಬಹುದು. ಹಬ್ಬಕ್ಕೆ ಮಗಳು ಅಳಿಯ ಬಂದಾಗ, ಊಟವಾದ ಮೇಲೆ, ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅರ್ಧ ಗಂಟೆ ಕುಳಿತರೆ ಈ ಕೆಲಸ ಮುಗಿಯುತ್ತದೆ. ಕುಳಿತಾಗಲೇ ಖಾತೆಯ ಭದ್ರತೆಯ ಪುಟದಲ್ಲಿ ಈಗ ಯಾವ ಯಾವ ಯಂತ್ರಗಳು ಒಳಗೆ ಬಂದಿವೆಯೆಂಬ ಪಟ್ಟಿಯನ್ನೂ ಓದಿರಿ. ಮೂರು ವರ್ಷದ ಹಿಂದೆ ಮಾರಿದ ಫೋನು ಅದರಲ್ಲಿ ಇನ್ನೂ ಇದ್ದರೆ, ಅಲ್ಲಿಂದಲೇ ಅದನ್ನು ಹೊರಗೆ ಹಾಕಬಹುದು.