ಪ್ರವಾಸವೋ, ಮೋಟಾರಿನ ಓಟವೋ?

ಕಳೆದ ಚಳಿಗಾಲದಲ್ಲಿ ಪಟ್ಟದಕಲ್ಲಿನಲ್ಲಿ ನಾವು ಕಂಡ ಸಂಗತಿಯೊಂದನ್ನು ತಮ್ಮ ಮುಂದಿಡದೆ ಇರಲಾರೆವು. ವಿರೂಪಾಕ್ಷ ದೇವಾಲಯದ ಪೂರ್ವದ್ವಾರದಲ್ಲಿ ಶಾಲಾಬಾಲಕನೊಬ್ಬನು ಕಲ್ಲಿನ ಅಕ್ಷರಗಳ ಮೇಲೆ ಕಣ್ಣಿಟ್ಟು, “ಗುರುಗಳೇ, ಇದು ಯಾವ ಭಾಷೆರೀ?” ಎಂದು ಕೇಳಿದನು. “ಅದೆಲ್ಲ ನಿನಗೇಕೋ? ಗಾಡಿ ಹೊರಡುತ್ತದೆ, ಸಾಲಿನಲ್ಲಿ ನಡೆ” ಎಂಬುದೇ ಅವನಿಗೆ ದೊರೆತ ಉತ್ತರ.

ಅದು ಕನ್ನಡ! ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಮೂರು ಬಾರಿ ಗೆದ್ದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಈ ಗುಡಿಯನ್ನು ಕಟ್ಟಿಸಿದಳೆಂದೂ, ಕಟ್ಟಿದ ಸೂತ್ರಧಾರಿಗೆ ತ್ರಿಭುವನಾಚಾರಿಯೆಂಬ ಬಿರುದು ಸಂದಿತೆಂದೂ ಆ ಕಲ್ಲು ಸಾವಿರದ ಇನ್ನೂರು ವರ್ಷಗಳಿಗೂ ಮಿಗಿಲಾಗಿ ಹೇಳುತ್ತ ನಿಂತಿದೆ. ಅಷ್ಟೇ ಅಲ್ಲ. ಅದೇ ಅರಸನು ಕಂಚಿಯನ್ನು ಹೊಕ್ಕಾಗ ಅಲ್ಲಿಯ ದೇವರ ಸಂಪತ್ತನ್ನು ಕಂಡು, ದೋಚದೆ, ದೇವರಿಗೇ ಬಿಟ್ಟುಕೊಟ್ಟನೆಂದು ಕಂಚಿಯ ಕೈಲಾಸನಾಥ ಗುಡಿಯೊಳಗಣ ಶಾಸನವು ಸಾರುತ್ತದೆ, ಅದೂ ಕನ್ನಡದಲ್ಲಿಯೇ. ಗೆದ್ದವನ ಔದಾರ್ಯವು ಸೋತವರ ಗುಡಿಯಲ್ಲಿ ನಮ್ಮ ನುಡಿಯಲ್ಲಿ ದಾಖಲಾಗಿದೆ. ಇದನ್ನು ಹೇಳುವುದಕ್ಕೆ ಎಷ್ಟು ನಿಮಿಷ ಬೇಕು?

ವಿಚಾರಿಸಲಾಗಿ, ಬೆಳಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆಗೆ ಐಹೊಳೆ, ರಾತ್ರಿಯೊಳಗೆ ಕೂಡಲಸಂಗಮ ಎಂದು ತಿಳಿದುಬಂದಿತು. ಇಮ್ಮಡಿ ಪುಲಕೇಶಿಯು ಹರ್ಷನನ್ನು ಸೋಲಿಸಿದನೆಂದು ಪರೀಕ್ಷೆಯಲ್ಲಿ ಬರೆಯುವ ಮಕ್ಕಳು, ಆ ಮಾತಿಗೆ ಆಧಾರವಾದ 634ನೆಯ ಇಸವಿಯ ರವಿಕೀರ್ತಿಯ ಶಾಸನವುಳ್ಳ ಮೇಗುತಿ ಗುಡ್ಡದ ಬುಡದಲ್ಲಿ ಚುರಮುರಿ ತಿಂದು ಮರಳುತ್ತಾರೆ!

ತಪ್ಪೆಲ್ಲವೂ ಉಪಾಧ್ಯಾಯರದೆಂದು ನಾವು ಹೇಳುವವರಲ್ಲ. ಎಂಬತ್ತು ಮಕ್ಕಳ ತಲೆ ಎಣಿಸುವುದು, ಊಟ, ನೀರು, ಕಳೆದುಹೋದ ಚಪ್ಪಲಿ—ಇವುಗಳಲ್ಲಿಯೇ ಆ ಬಡಪಾಯಿಯ ದಿನ ಸಂದುಹೋಗುತ್ತದೆ. ಕೊಟ್ಟ ಹಣಕ್ಕೆ ಊರುಗಳೆಷ್ಟು ಎಂದು ತಂದೆತಾಯಿಗಳು ಲೆಕ್ಕ ಹಾಕುತ್ತಾರೆ. ಆಡಳಿತ ಮಂಡಳಿಯವರು ಆ ಲೆಕ್ಕಕ್ಕೆ ತಕ್ಕಂತೆ ಪಟ್ಟಿ ಬೆಳೆಸುತ್ತಾರೆ. ಆದರೆ ಗುರುವಾದವನು ತಾನೇ ಓದಿಕೊಳ್ಳದೆ ಮಕ್ಕಳನ್ನು ಕರೆತರುವುದಕ್ಕೆ ಯಾವ ಮಂಡಳಿಯೂ ಹೊಣೆಯಲ್ಲ.

ಸ್ಮಾರಕದ ಮೇಲೆ ಹೆಸರು ಕೆತ್ತುವ ಚಪಲಕ್ಕೆ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು, 2010ರ ತಿದ್ದುಪಡಿಯ ತರುವಾಯ, ಎರಡು ವರ್ಷದವರೆಗಿನ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಯವರೆಗಿನ ದಂಡವನ್ನೂ ಇಟ್ಟಿದೆ. ವಕೀಲಿ ಮಾಡುವ ನಮಗೇ ಕಾಯಿದೆಯ ಮೇಲೆ ಅಂಥ ಭರವಸೆಯಿಲ್ಲ. ಕಲ್ಲನ್ನು ಓದಬಲ್ಲ ಹುಡುಗನು ಅದನ್ನು ಕೆರೆಯಲಾರನು.

ನಾವು ಕೇಳುವುದು ಇಷ್ಟೇ: ದಿನಕ್ಕೊಂದೇ ಸ್ಥಳ, ಹೊರಡುವ ಮುನ್ನ ಒಂದು ಶಾಸನದ ನಾಲ್ಕು ಸಾಲು ಹಲಗೆಯ ಮೇಲೆ, ಅಲ್ಲಿ ಹೋದ ಮೇಲೆ ಆ ಸಾಲುಗಳನ್ನು ಮಕ್ಕಳೇ ಹುಡುಕಿ ತೆಗೆಯಲಿ. ಆಲೂರ ವೆಂಕಟರಾಯರು 1905ರಲ್ಲಿ ಆನೆಗೊಂದಿಗೆ ಹೋದಾಗ ಯಾವ ಮೋಟಾರಿನ ಕೊಂಬೂ ಅವರನ್ನು ಹಿಂದಕ್ಕೆ ಕರೆಯಲಿಲ್ಲ. ಅವರು ‘ಕರ್ನಾಟಕ ಗತವೈಭವ’ವನ್ನು 1917ರಲ್ಲಿ ನಮ್ಮ ಕೈಗಿತ್ತರು.

ಆ ಬಾಲಕನನ್ನು ನಾವು ಬಳಿಗೆ ಕರೆದು, “ಕನ್ನಡವೇ ತಮ್ಮಾ” ಎಂದೆವು. ಅವನು ಮತ್ತೊಮ್ಮೆ ಕಲ್ಲನ್ನು ನೋಡಿ, “ಹಾಗಾದರೆ ನನಗೇಕೆ ಓದಲು ಬರುವುದಿಲ್ಲರೀ?” ಎಂದನು. ಉತ್ತರ ಕೊಡುವಷ್ಟರಲ್ಲಿ ಕೊಂಬು ಕೂಗಿತು, ಹುಡುಗನು ಓಡಿದನು.